ಕೆಂಪು ಕಲ್ಲಿಗೂ ಬೆನ್ನುಫಣಿಗೂ ಒಂದೇ ಹೆಸರೇಕೆ?

ಪ್ರಶ್ನೆ: ಡಾಕ್ಟರೇ, ನಮ್ಮ ತಂದೆಗೆ ಐವತ್ತೆಂಟು ವರ್ಷ. ತುಮಕೂರು ಜಿಲ್ಲೆಯ ಹಳ್ಳಿಯಲ್ಲಿ ಅಡಿಕೆ ತೋಟವಿದೆ, ಮನೆಯಲ್ಲಿ ಹಸುಗಳಿವೆ. ಅವರ ಕತ್ತಿನ ಕೆಳಗೆ, ಬೆನ್ನಿನ ಮೇಲ್ಭಾಗದಲ್ಲಿ ಮೊದಲು ಒಂದು ಗುಳ್ಳೆ ಎದ್ದಿತು. ವಾರದೊಳಗೆ ಅದು ಅಂಗೈ ಅಗಲ ಊದಿಕೊಂಡು, ಈಗ ನಾಲ್ಕೈದು ಕಡೆ ಕಣ್ಣು ಬಿಟ್ಟು ಕೀವು ಒಸರುತ್ತಿದೆ. ನೋವಿಗೆ ರಾತ್ರಿ ಮಲಗಲು ಆಗುತ್ತಿಲ್ಲ. ಆಸ್ಪತ್ರೆಯಲ್ಲಿ ಚೀಟಿಯ ಮೇಲೆ ‘ಕಾರ್ಬಂಕಲ್’ ಎಂದು ಬರೆದು, ರಕ್ತದಲ್ಲಿ ಸಕ್ಕರೆ ಬಹಳ ಹೆಚ್ಚಿದೆ, ಕೊಯ್ದು ಸ್ವಚ್ಛ ಮಾಡಬೇಕು ಎಂದಿದ್ದಾರೆ. ಸಕ್ಕರೆ ಕಾಯಿಲೆ ಇದೆಯೆಂದು ನಮಗೆ ಗೊತ್ತಾದದ್ದೇ ಆ ದಿನ. ಮೊಬೈಲಿನಲ್ಲಿ ಹುಡುಕಿದರೆ ಕಾರ್ಬಂಕಲ್ ಎಂದರೆ ಕೆಂಪು ರತ್ನ, ಗಾರ್ನೆಟ್ ಎಂದು ಬರುತ್ತದೆ. ಇನ್ನೊಂದು ಕಡೆ ಅದು ಆಂಥ್ರಾಕ್ಸ್ ಎಂದಿದೆ. ಹಸುಗಳಿಂದ ಬಂದಿರಬಹುದೇ ಎಂಬ ಭಯ ಹತ್ತಿದೆ. ಮನೆಯ ಹಿರಿಯರು, ‘ಇದು ಬೆನ್ನುಫಣಿ, ಹೆಸರಿನಲ್ಲೇ ಹಾವಿದೆ, ರಾಹುವಿನ ಕಾಟ, ಗೋಮೇದಕದ ಉಂಗುರ ಮಾಡಿಸಿ’ ಎನ್ನುತ್ತಿದ್ದಾರೆ. ಗೋಮೇದಕವೂ ಗಾರ್ನೆಟ್ ಜಾತಿಯದೇ ಎಂದು ಓದಿದ ಮೇಲೆ, ಹಿಂದಿನವರಿಗೆ ಏನೋ ತಿಳಿದಿತ್ತು ಎಂದು ನನಗೂ ಅನ್ನಿಸತೊಡಗಿದೆ. ಸಕ್ಕರೆ ಇರುವವರಿಗೆ ಕೊಯ್ದರೆ ಗಾಯ ಮಾಯುವುದಿಲ್ಲ ಎಂದು ತಂದೆ ಹಟ ಹಿಡಿದಿದ್ದಾರೆ. ಕಲ್ಲಿಗೂ ಹುಣ್ಣಿಗೂ ಒಂದೇ ಹೆಸರು ಬಂದದ್ದು ಹೇಗೆ? ನಾವು ಈಗ ಏನು ಮಾಡಬೇಕು?

ಉತ್ತರ: ಹೆಸರಿನ ಮಾತಿಗೆ ಆಮೇಲೆ ಬರುತ್ತೇನೆ. ಅದಕ್ಕೆ ಮುಂಚೆ ಒಂದು ಮಾತು: ಇದನ್ನು ಓದುತ್ತಿರುವ ದಿನವೇ ತಂದೆಯವರನ್ನು ಮತ್ತೆ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಅಂಗೈ ಅಗಲದ ಬಾವು, ಹಲವು ಬಾಯಿಗಳಿಂದ ಕೀವು, ಹತೋಟಿ ತಪ್ಪಿದ ಸಕ್ಕರೆ, ಈ ಮೂರೂ ಒಟ್ಟಿಗೆ ಇರುವಾಗ ‘ನಾಳೆ ನೋಡೋಣ’ ಎನ್ನುವಂತಿಲ್ಲ. ಚಳಿ ಹಿಡಿದು ಜ್ವರ, ವಾಂತಿ, ಏದುಸಿರು, ಮಾತಿನಲ್ಲಿ ತೊದಲು ಅಥವಾ ಮಂಕು, ಮೂತ್ರ ಕಡಿಮೆಯಾಗುವುದು, ಹುಣ್ಣಿನ ಸುತ್ತಲಿನ ಕೆಂಪು ಗಂಟೆಗಂಟೆಗೂ ಹರಡುವುದು, ಇವುಗಳಲ್ಲಿ ಯಾವುದು ಕಂಡರೂ ರಾತ್ರಿಯಾದರೂ ಸರಿ, ಹೊರಡಿ.

ನೀವು ಕೇಳಿರುವ ಹೆಸರಿನ ಪ್ರಶ್ನೆಯೂ ಬರಿಯ ಕುತೂಹಲದ್ದಲ್ಲ. ಹೆಸರು ಒಂದೇ ಆಗಿರುವುದರಿಂದಲೇ ನಿಮ್ಮ ಮನೆಯಲ್ಲಿ ಚಿಕಿತ್ಸೆ ತಡವಾಗುತ್ತಿದೆ. ಆದ್ದರಿಂದ ಆ ಗಂಟನ್ನು ಸಾವಧಾನವಾಗಿ ಬಿಡಿಸುವುದು ಅಗತ್ಯ.

ಕಾರ್ಬಂಕಲ್ ಎಂಬುದರ ಮೂಲ ಲ್ಯಾಟಿನ್ ಭಾಷೆಯ ‘ಕಾರ್ಬುಂಕುಲುಸ್’. ‘ಕಾರ್ಬೊ’ ಎಂದರೆ ಇದ್ದಿಲು. ಅದಕ್ಕೆ ಕಿರಿದು ಎಂಬ ಅರ್ಥದ ಪ್ರತ್ಯಯ ಸೇರಿ ‘ಸಣ್ಣ ಇದ್ದಿಲು, ಕೆಂಡದ ಚೂರು’ ಎಂದಾಯಿತು. ಶಾಲೆಯಲ್ಲಿ ಓದಿದ ಕಾರ್ಬನ್ ಎಂಬ ಮೂಲವಸ್ತುವಿನ ಹೆಸರೂ ಇದೇ ಬೇರಿನದು. ರೋಮನ್ನರಿಗಿಂತ ಮೊದಲು ಗ್ರೀಕರು ಇದೇ ದಾರಿಯಲ್ಲಿ ನಡೆದಿದ್ದರು. ಅವರ ಭಾಷೆಯಲ್ಲಿ ಇದ್ದಿಲಿಗೆ ‘ಆಂಥ್ರಾಕ್ಸ್’. ಕ್ರಿಸ್ತಪೂರ್ವ 4ನೆಯ ಶತಮಾನದಲ್ಲಿದ್ದ ಥಿಯೋಫ್ರಾಸ್ಟಸ್ ಕಲ್ಲುಗಳ ಬಗ್ಗೆ ಬರೆಯುವಾಗ ‘ಆಂಥ್ರಾಕ್ಸ್’ ಎಂಬ ಕೆಂಪು ರತ್ನವನ್ನು ಹೇಳುತ್ತಾನೆ: ಸೂರ್ಯನಿಗೆ ಹಿಡಿದು ನೋಡಿದರೆ ಅದು ಉರಿಯುವ ಕೆಂಡದ ಬಣ್ಣ ತೋರುತ್ತದೆ ಎಂಬುದು ಅವನ ವಿವರಣೆ. ಅದೇ ಮಾತನ್ನು ಗ್ರೀಕ್ ವೈದ್ಯರು ಉರಿಯುವ, ಕಪ್ಪಾಗುವ ಹುಣ್ಣಿಗೂ ಬಳಸಿದರು. ರೋಮನ್ನರು ಎರಡು ಅರ್ಥಗಳನ್ನೂ ತಮ್ಮ ‘ಸಣ್ಣ ಇದ್ದಿಲಿ’ಗೆ ವರ್ಗಾಯಿಸಿಕೊಂಡರು.

ಕ್ರಿಸ್ತಶಕ 1ನೆಯ ಶತಮಾನದ ಪ್ಲಿನಿ ಎಂಬ ರೋಮನ್ ವಿದ್ವಾಂಸನ ಬರಹದಲ್ಲಿ ಎರಡೂ ಅರ್ಥಗಳು ಸಿಗುತ್ತವೆ. ರತ್ನಗಳನ್ನು ಕುರಿತ ಭಾಗದಲ್ಲಿ ಅವನು ಬೆಂಕಿಬಣ್ಣದ ಕಲ್ಲುಗಳಿಗೆಲ್ಲ ಕಾರ್ಬುಂಕುಲುಸ್ ಮುಖ್ಯವೆಂದು ಹೇಳಿ, ಬೆಂಕಿಯ ಹೋಲಿಕೆಯಿಂದ ಹೆಸರು ಬಂದಿದ್ದರೂ ಬೆಂಕಿ ಆ ಕಲ್ಲನ್ನು ತಾಕುವುದಿಲ್ಲ ಎಂದು ಸೇರಿಸುತ್ತಾನೆ. ಅಂಥ ಕಲ್ಲುಗಳ ಪಟ್ಟಿಯಲ್ಲಿ ಭಾರತದಿಂದ ಬರುವವೂ ಇವೆ. ರೋಗಗಳನ್ನು ಕುರಿತ ಇನ್ನೊಂದು ಭಾಗದಲ್ಲಿ ಅದೇ ಪ್ಲಿನಿ, ಕಾರ್ಬುಂಕುಲುಸ್ ಎಂಬ ಹುಣ್ಣಿನ ರೋಗ ಈಗಿನ ದಕ್ಷಿಣ ಫ್ರಾನ್ಸಿನ ಕಡೆಯಿಂದ ಇಟಲಿಗೆ ಬಂತು ಎಂದು ದಾಖಲಿಸುತ್ತಾನೆ. ಎರಡಕ್ಕೂ ಒಂದೇ ಹೆಸರು ಬಳಸಿದ ಅವನು ಕಲ್ಲಿನಿಂದ ಹುಣ್ಣು ವಾಸಿಯಾಗುತ್ತದೆಂಬ ಕಾರಣಕ್ಕೆ ಹಾಗೆ ಮಾಡಲಿಲ್ಲ. ಎರಡೂ ಕೆಂಡದಂತೆ ಕಾಣುತ್ತವೆ, ಅಷ್ಟೇ.

ಕನ್ನಡದ ಕಣ್ಣಿನಿಂದ ನೋಡಿದರೆ ಇಲ್ಲಿ ಒಂದು ಸೂಕ್ಷ್ಮವಿದೆ. ನಮಗೆ ಇದ್ದಿಲು ಬೇರೆ, ಕೆಂಡ ಬೇರೆ. ಲ್ಯಾಟಿನ್ನಿನ ಆ ಒಂದು ಮಾತು ಎರಡನ್ನೂ ಒಳಗೊಳ್ಳುತ್ತಿತ್ತು. ರತ್ನಕ್ಕೆ ಸಿಕ್ಕಿದ್ದು ಕೆಂಡದ ಕೆಂಪು ಮಾತ್ರ. ಹುಣ್ಣಿಗೆ ಎರಡೂ ಸಿಕ್ಕವು: ಸುತ್ತ ಕೆಂಪಗೆ ಕಾಯುವ ಚರ್ಮ, ನಡುವೆ ರಕ್ತ ಓಡದೆ ಸತ್ತು ಕಪ್ಪಾದ ಚರ್ಮ. ನಿಮ್ಮ ತಂದೆಯವರ ಬೆನ್ನನ್ನು ಬೆಳಕಿನಲ್ಲಿ ನೋಡಿದರೆ ನಿಮಗೂ ಇದು ಕಾಣಬಹುದು. ಕಪ್ಪು ಎಷ್ಟು ಅಗಲವಿದೆ ಎಂಬುದು ನಾವು ಶಸ್ತ್ರವೈದ್ಯರು ಮೊದಲು ಗಮನಿಸುವ ಸಂಗತಿ, ಏಕೆಂದರೆ ಅಷ್ಟು ಭಾಗವನ್ನು ಉಳಿಸಲಾಗುವುದಿಲ್ಲ.

ಇಂಗ್ಲಿಷಿಗೆ ಈ ಪದ ಹಳೆಯ ಫ್ರೆಂಚಿನ ಮೂಲಕ ಬಂತು. ಮೊದಲು ಬಂದದ್ದು ರತ್ನದ ಅರ್ಥ, ಹುಣ್ಣಿನ ಅರ್ಥ ಹಿಂದಿನಿಂದ ಬಂತು. ಈಗ ರತ್ನದ ಅರ್ಥ ಬಹುಮಟ್ಟಿಗೆ ಹಳತಾಗಿದೆ. ಗುಮ್ಮಟದಂತೆ ನುಣುಪಾಗಿ ಉಜ್ಜಿದ, ಮುಖಗಳಿಲ್ಲದ ಕೆಂಪು ಗಾರ್ನೆಟ್ಟಿಗೆ ಕೆಲವರು ಹಾಗೆ ಹೇಳುವುದುಂಟು. 1984ರಲ್ಲಿ ಬ್ರಿಟನ್ನಿನ ಆಗಿನ ಯುವರಾಜ ಚಾರ್ಲ್ಸ್ ಲಂಡನ್ನಿನ ನ್ಯಾಷನಲ್ ಗ್ಯಾಲರಿಗೆ ಸೇರಿಸಲು ಹೊರಟಿದ್ದ ಹೊಸ ಕಟ್ಟಡದ ನಕ್ಷೆಯನ್ನು, ಪ್ರೀತಿಯ ಗೆಳೆಯನ ಮುಖದ ಮೇಲೆದ್ದ ಭೀಕರ ಕಾರ್ಬಂಕಲ್ ಎಂದು ಟೀಕಿಸಿದಾಗ ಯಾರಿಗೂ ರತ್ನ ನೆನಪಾಗಲಿಲ್ಲ. ಜರ್ಮನರು ಈ ತೊಡಕನ್ನು ಚೆನ್ನಾಗಿ ನಿವಾರಿಸಿಕೊಂಡಿದ್ದಾರೆ. ಅವರಲ್ಲಿ ಕಲ್ಲಿಗೆ ‘ಕಾರ್‌ಫುಂಕೆಲ್’, ಹುಣ್ಣಿಗೆ ‘ಕಾರ್‌ಬುಂಕೆಲ್’.

ಆಂಥ್ರಾಕ್ಸ್ ಭಯ ಹುಟ್ಟಿದ್ದೂ ಈ ಇದ್ದಿಲಿನಿಂದಲೇ. ಗ್ರೀಕಿನ ‘ಆಂಥ್ರಾಕ್ಸ್’ ಇಂಗ್ಲಿಷಿನಲ್ಲಿ ಕ್ರಮೇಣ ಒಂದೇ ಒಂದು ರೋಗಕ್ಕೆ ಮೀಸಲಾಯಿತು. ನಮ್ಮ ರೈತರು ‘ನೆರಡಿ’ ಎಂದು ಕರೆಯುವ ದನಕುರಿಗಳ ಮಾರಕ ರೋಗ ಅದು. ಅದರ ರೋಗಾಣು ಬೇರೆ. ಅದನ್ನು 1876ರಲ್ಲಿ ಜರ್ಮನಿಯ ವೈದ್ಯ ರಾಬರ್ಟ್ ಕಾಖ್ ಖಚಿತವಾಗಿ ತೋರಿಸಿಕೊಟ್ಟರು. ಫ್ರೆಂಚರಲ್ಲಿ ಮಾತ್ರ ಹೆಸರುಗಳು ಅದಲುಬದಲು: ನಾವು ಕಾರ್ಬಂಕಲ್ ಎನ್ನುವ ಹುಣ್ಣಿಗೆ ಅವರು ‘ಆಂಥ್ರಾಕ್ಸ್’ ಎನ್ನುತ್ತಾರೆ, ನೆರಡಿಗೆ ಇದ್ದಿಲು ಎಂಬರ್ಥದ ‘ಶಾರ್ಬೋಂ’ ಎನ್ನುತ್ತಾರೆ. ಹಳೆಯ ವೈದ್ಯಗ್ರಂಥಗಳಲ್ಲಿ ನೆರಡಿಯ ಹುಣ್ಣನ್ನು ‘ಮಾರಕ ಕಾರ್ಬಂಕಲ್’ ಎಂದು ಕರೆದದ್ದೂ ಇದೆ. ಅಂತರ್ಜಾಲದಲ್ಲಿ ಇವೆಲ್ಲ ಕಲಸಿಹೋಗಿ ನಿಮ್ಮ ಕೈಗೆ ಸಿಕ್ಕಿವೆ.

ಎರಡನ್ನೂ ಬೇರ್ಪಡಿಸುವ ಸುಲಭದ ಗುರುತು ನಿಮ್ಮ ಪತ್ರದಲ್ಲೇ ಇದೆ. ನೆರಡಿಯ ರೋಗಾಣು ಚರ್ಮಕ್ಕೆ ಹೊಕ್ಕರೆ ಮೊದಲು ಕೀಟ ಕಚ್ಚಿದಂಥ ಸಣ್ಣ ಗುಳ್ಳೆ, ಆಮೇಲೆ ನಡುವೆ ಕಲ್ಲಿದ್ದಲಿನಂತೆ ಕಪ್ಪಗೆ ಒಣಗಿದ ಹಕ್ಕಳೆ, ಸುತ್ತ ನೀರು ತುಂಬಿದಂಥ ಊತ. ನೋಡಲು ಅಷ್ಟು ಭಯಂಕರವಾಗಿದ್ದರೂ ಅದು ಸಾಮಾನ್ಯವಾಗಿ ನೋಯುವುದಿಲ್ಲ, ಕೀವೂ ಕಟ್ಟುವುದಿಲ್ಲ. ನಿಮ್ಮ ತಂದೆಯವರದ್ದು ನಿದ್ದೆಗೆಡಿಸುವ ನೋವು, ಹಲವು ಬಾಯಿಯ ಕೀವು. ನೆರಡಿಯ ಹುಣ್ಣು ಏಳುವುದು ಹೆಚ್ಚಾಗಿ ಕೈ, ತೋಳು, ಮುಖಗಳಲ್ಲಿ, ಅಂದರೆ ಸತ್ತ ಪ್ರಾಣಿಯನ್ನೋ ಅದರ ಚರ್ಮವನ್ನೋ ಮುಟ್ಟುವ ಜಾಗಗಳಲ್ಲಿ. ನಿಮ್ಮ ಹಸುಗಳು ಆರೋಗ್ಯವಾಗಿದ್ದರೆ ಈ ಭಯವನ್ನು ಬಿಟ್ಟುಬಿಡಿ. ಯಾವುದಾದರೂ ದನ ಹಠಾತ್ತಾಗಿ ಸತ್ತು, ಮೂಗುಬಾಯಿಗಳಿಂದ ಹೆಪ್ಪುಗಟ್ಟದ ರಕ್ತ ಸೋರಿದ್ದರೆ ಮಾತ್ರ ವೈದ್ಯರಿಗೂ ಪಶುವೈದ್ಯರಿಗೂ ಆ ವಿಷಯವನ್ನು ತಪ್ಪದೆ ಹೇಳಬೇಕು. ಅಂಥ ದನವನ್ನು ಕೊಯ್ಯಬಾರದು, ಚರ್ಮ ಸುಲಿಯಬಾರದು.

ಇನ್ನು ಬೆನ್ನುಫಣಿ. ನಮ್ಮ ಹಿರಿಯರು ಈ ರೋಗವನ್ನು ಚೆನ್ನಾಗಿ ಬಲ್ಲವರು, ಭಯಪಟ್ಟೇ ಹೆಸರಿಟ್ಟಿದ್ದಾರೆ. ತಮಿಳರು ಇದನ್ನು ‘ರಾಜಪಿಳವೈ’ ಎನ್ನುತ್ತಾರೆ, ತೆಲುಗರು ‘ರಾಚಪುಂಡು’ ಎನ್ನುತ್ತಾರೆ, ಎರಡರಲ್ಲೂ ಅರಸನಿದ್ದಾನೆ. ಹೈದರಾಲಿ ಸತ್ತದ್ದು ಇದರಿಂದಲೇ. ಎರಡನೆಯ ಮೈಸೂರು ಯುದ್ಧ ನಡೆಯುತ್ತಿದ್ದಾಗ, 1782ರ ಡಿಸೆಂಬರಿನಲ್ಲಿ, ಚಿತ್ತೂರಿನ ಹತ್ತಿರದ ನರಸಿಂಗರಾಯನಪೇಟೆಯ ಬಿಡಾರದಲ್ಲಿ ಬೆನ್ನಿನ ಹುಣ್ಣು ಅವನನ್ನು ಕೊಂದಿತು. ಮಲಬಾರಿನಲ್ಲಿದ್ದ ಟಿಪ್ಪು ಬಂದು ಸೇರುವ ತನಕ ಆ ಸುದ್ದಿಯನ್ನು ಸೈನ್ಯದಿಂದ ಮುಚ್ಚಿಡಬೇಕಾಯಿತು. ಆಸ್ಥಾನದ ವೈದ್ಯರೆಲ್ಲ ಕೈಗೆ ಸಿಗುತ್ತಿದ್ದರು, ಬೇಕಾದ ರತ್ನ ಬೊಕ್ಕಸದಲ್ಲಿತ್ತು. ಇರದಿದ್ದದ್ದು ಆಂಟಿಬಯೋಟಿಕ್ ಮತ್ತು ಇನ್ಸುಲಿನ್.

‘ಹೆಸರಿನಲ್ಲೇ ಹಾವಿದೆ’ ಎಂಬ ಮಾತಿಗೆ ಬರೋಣ. ಫಣಿ ಎಂದರೆ ಹೆಡೆಯ ಹಾವು, ನಿಜ. ಹೆಡೆಯಲ್ಲಿ ಮಣಿಯಿರುವ ನಾಗರದ ಕಥೆ ನಮ್ಮಲ್ಲಿದೆ. ಕತ್ತಲಲ್ಲಿ ತಾನಾಗಿ ಬೆಳಗುವ ಕಾರ್ಬಂಕಲ್ ರತ್ನವನ್ನು ತಲೆಯಲ್ಲಿ ಹೊತ್ತ ಸರ್ಪದ ಕಥೆ ಯುರೋಪಿನಲ್ಲೂ ಇದೆ. ಇವನ್ನೆಲ್ಲ ಒಟ್ಟುಗೂಡಿಸಿ ಕತೆ ಕಟ್ಟುವುದು ಬಹಳ ಸುಲಭ, ಕೇಳಲು ಹಿತವೂ ಹೌದು. ಆದರೆ ಹೆಸರಿನ ಹೋಲಿಕೆಯಿಂದ ನಂಟು ಕಟ್ಟುವುದರಲ್ಲಿ ಎಂಥ ಅಪಾಯವಿದೆ ನೋಡಿ: ಸಂಸ್ಕೃತದಲ್ಲಿ ಮಾಣಿಕ್ಯಕ್ಕೆ ‘ಕುರುವಿಂದ’ ಎಂಬ ಹೆಸರಿದೆ. ಕನ್ನಡದಲ್ಲಿ ‘ಕುರು’ ಎಂದರೆ ಕೀವಿನ ಗುಳ್ಳೆ. ಕುರುವಿಂದದಲ್ಲಿ ಕುರು ಇದೆ, ಆದ್ದರಿಂದ ಮಾಣಿಕ್ಯ ಕುರುವನ್ನು ವಾಸಿಮಾಡುತ್ತದೆ ಎಂದು ನಾಳೆ ಯಾರಾದರೂ ಹೇಳಿದರೆ ನೀವು ಒಪ್ಪುವಿರಾ? ಗೋಮೇದಕದ ವಾದವೂ ಇದೇ ಜಾತಿಯದು.

ಆ ವಾದದ ಕೊಂಡಿಗಳನ್ನು ಒಂದೊಂದಾಗಿ ಎಳೆದು ನೋಡಿ. ಹಳೆಯ ಯುರೋಪಿನಲ್ಲಿ ಕಾರ್ಬಂಕಲ್ ಎಂಬುದು ಒಂದು ನಿರ್ದಿಷ್ಟ ಕಲ್ಲಿನ ಹೆಸರಾಗಿರಲಿಲ್ಲ. ಮಾಣಿಕ್ಯ, ಅದರಂತೆಯೇ ಕಾಣುವ ಸ್ಪಿನೆಲ್ ಎಂಬ ಕಲ್ಲು, ಕೆಂಪು ಗಾರ್ನೆಟ್ ಎಲ್ಲವನ್ನೂ ಹಾಗೇ ಕರೆಯುತ್ತಿದ್ದರು. ಕೆಂಪಗೆ ಹೊಳೆದರೆ ಸಾಕು. ಈಗ ನಮಗೆ ಗೊತ್ತು, ಮಾಣಿಕ್ಯ ಅಲ್ಯುಮಿನಿಯಂ ಆಕ್ಸೈಡ್; ಅದರಲ್ಲಿ ತುಸು ಕ್ರೋಮಿಯಂ ಬೆರೆತು ಕೆಂಪು ಬಂದಿರುತ್ತದೆ. ಸ್ಪಿನೆಲ್ಲಿನಲ್ಲಿ ಮೆಗ್ನೀಸಿಯಂ ಕೂಡ ಇದೆ. ಗಾರ್ನೆಟ್ ಸಿಲಿಕೇಟುಗಳ ಒಂದು ದೊಡ್ಡ ಬಳಗ. ಬ್ರಿಟಿಷ್ ಕಿರೀಟದಲ್ಲಿರುವ ‘ಬ್ಲ್ಯಾಕ್ ಪ್ರಿನ್ಸ್ ರೂಬಿ’ ಎಂಬ ಹೆಸರಾಂತ ಕಲ್ಲು ಮಾಣಿಕ್ಯವೇ ಅಲ್ಲ, ಸ್ಪಿನೆಲ್. ಇದ್ದಿಲಿನ ಹೆಸರು ಹೊತ್ತ ಈ ಕಲ್ಲುಗಳಲ್ಲಿ ಇದ್ದಿಲಿನ ಸಾರವಾದ ಕಾರ್ಬನ್ ಇಲ್ಲ ಎಂಬುದು ನನಗೆ ಯಾವಾಗಲೂ ಸೋಜಿಗದ ಸಂಗತಿ. ಕತ್ತಲಲ್ಲಿ ಹೊಳೆಯುವುದೂ ಇಲ್ಲ; ಮಾಣಿಕ್ಯದ ಮೇಲೆ ಅತಿನೇರಳೆ ಕಿರಣ ಬಿಟ್ಟರೆ ಕೆಂಪಗೆ ಮಿನುಗುತ್ತದೆ, ಕಿರಣ ನಿಂತರೆ ಮಿನುಗೂ ನಿಲ್ಲುತ್ತದೆ. ಇನ್ನು ಗೋಮೇದಕ ಗಾರ್ನೆಟ್ ಬಳಗದ್ದು ಎಂಬುದು ಸರಿ. ಆದರೆ ಅದರ ಬಣ್ಣ ಜೇನಿನದು, ಕಿತ್ತಳೆ ಬೆರೆತ ಕಂದು. ಕೆಂಡದಂತೆ ಕಾಣುತ್ತದೆಂದು ಕಾರ್ಬಂಕಲ್ ಎಂದವರು ನೋಡಿದ್ದು ಕಡುಕೆಂಪಿನ ಬೇರೆ ಗಾರ್ನೆಟ್ಟನ್ನು. ರೋಮನ್ನರು ಬಣ್ಣ ನೋಡಿ ಇಟ್ಟ ಹೆಸರು, ನಮ್ಮ ಜ್ಯೋತಿಷಿಗಳು ರಾಹುವಿಗೆ ಕೊಟ್ಟ ಕಲ್ಲು, ಖನಿಜ ವಿಜ್ಞಾನಿಗಳು ರಚನೆ ನೋಡಿ ಮಾಡಿದ ವಿಂಗಡಣೆ, ಮೂರೂ ಬೇರೆ ಬೇರೆ ಕಾಲದಲ್ಲಿ ಬೇರೆ ಬೇರೆ ಜನ ಮಾಡಿದ್ದು. ಮೊಬೈಲಿನ ಪರದೆಯ ಮೇಲೆ ಅವು ಒಟ್ಟಿಗೆ ಬಂದದ್ದು ಆಕಸ್ಮಿಕ.

ಹಿಂದಿನವರಿಗೆ ಏನೋ ತಿಳಿದಿತ್ತು ಎಂಬ ನಿಮ್ಮ ಅನಿಸಿಕೆಯಲ್ಲಿ ಸತ್ಯವಿದೆ, ಆದರೆ ಅದು ಕಲ್ಲಿನ ವಿಷಯದಲ್ಲಲ್ಲ. ಚರಕ ಮತ್ತು ಸುಶ್ರುತ ಸಂಹಿತೆಗಳು ‘ಪ್ರಮೇಹ ಪಿಡಕ’ ಎಂಬ ಹುಣ್ಣುಗಳ ಗುಂಪನ್ನು ಹೇಳುತ್ತವೆ. ಪ್ರಮೇಹವೆಂದರೆ ನಾವೀಗ ಮಧುಮೇಹ ಎನ್ನುವುದೂ ಸೇರಿದ ಮೂತ್ರರೋಗಗಳ ವರ್ಗ. ಚರಕ ಹೇಳುವ ಏಳರಲ್ಲಿ ‘ಜಾಲಿನೀ’ ಎಂಬುದು ಸಣ್ಣ ಸಣ್ಣ ರಂಧ್ರಗಳುಳ್ಳದ್ದು, ಬಹಳ ನೋಯುವಂಥದ್ದು. ‘ವಿನತಾ’ ಬೆನ್ನಿನ ಅಥವಾ ಹೊಟ್ಟೆಯ ಮೇಲೆ ಏಳುವ, ನೀಲಿಗಟ್ಟಿದ ದೊಡ್ಡ ಹುಣ್ಣು. ‘ಅಲಜೀ’ ಏಳುವಾಗಲೇ ಚರ್ಮವನ್ನು ಸುಡುವಂಥದ್ದು. ನಿಮ್ಮ ತಂದೆಯವರ ಹುಣ್ಣನ್ನು ನೋಡಿಯೇ ಬರೆದಂತಿದೆ, ಅಲ್ಲವೇ? ಸಕ್ಕರೆಗೂ ಬೆನ್ನಿನ ಹುಣ್ಣಿಗೂ ನಂಟಿದೆ ಎಂಬುದನ್ನು ಅವರು ಕಂಡುಕೊಂಡಿದ್ದರು. ಹಣ್ಣಾದ ಬಾವನ್ನು ಶಸ್ತ್ರದಿಂದ ತೆರೆಯಬೇಕು ಎಂಬುದೂ ಸುಶ್ರುತ ಪರಂಪರೆಯ ಮಾತೇ.

ಈಗ ಹುಣ್ಣಿನೊಳಗೆ ಏನು ನಡೆಯುತ್ತಿದೆ ಎಂದು ಹೇಳುತ್ತೇನೆ. ಒಂದು ಕೂದಲಿನ ಬುಡ ಕೀವುಗಟ್ಟಿದರೆ ಅದು ಕುರು. ಅಕ್ಕಪಕ್ಕದ ಹಲವು ಕೂದಲ ಬುಡಗಳು ಒಟ್ಟಿಗೆ ಕೀವುಗಟ್ಟಿ, ಚರ್ಮದಡಿಯಲ್ಲಿ ಒಂದಕ್ಕೊಂದು ಸೇರಿಕೊಂಡರೆ ಕಾರ್ಬಂಕಲ್. ಬಹುಪಾಲು ಇದಕ್ಕೆ ಕಾರಣ ‘ಸ್ಟ್ಯಾಫಿಲೋಕಾಕಸ್ ಆರಿಯಸ್’ ಎಂಬ ರೋಗಾಣು. 1880ರ ದಶಕದ ಆರಂಭದಲ್ಲಿ ಸ್ಕಾಟ್ಲೆಂಡಿನ ಶಸ್ತ್ರವೈದ್ಯ ಅಲೆಕ್ಸಾಂಡರ್ ಆಗ್‌ಸ್ಟನ್ ಕೀವಿನಲ್ಲಿ ದ್ರಾಕ್ಷಿ ಗೊಂಚಲಿನಂತಿರುವ ಇದನ್ನು ಕಂಡು ಹೆಸರಿಟ್ಟರು. ಪ್ರಯೋಗಶಾಲೆಯಲ್ಲಿ ಬೆಳೆಸಿದಾಗ ಹೊನ್ನಿನ ಬಣ್ಣ ತೋರುವುದರಿಂದ 1884ರಲ್ಲಿ ಜರ್ಮನಿಯ ವೈದ್ಯ ರೋಸೆನ್‌ಬಾಖ್ ‘ಆರಿಯಸ್’ ಎಂದು ಸೇರಿಸಿದರು. ಸುಮಾರು ಮೂವರಲ್ಲಿ ಒಬ್ಬರ ಮೂಗಿನೊಳಗೆ ಇದು ಯಾವ ತೊಂದರೆಯನ್ನೂ ಕೊಡದೆ ವಾಸವಾಗಿರುತ್ತದೆ. ಟವೆಲ್ಲೋ ಅಂಗಿಯ ಕಾಲರೋ ಉಜ್ಜಿ ಚರ್ಮ ತರಚಿದಾಗ ಒಳಹೊಗುತ್ತದೆ.

ಬೆನ್ನು ಮತ್ತು ಹಿಂಗತ್ತಿನಲ್ಲೇ ಏಕೆ ಹೆಚ್ಚು? ಅಲ್ಲಿನ ಚರ್ಮ ದಪ್ಪ, ಅದರಡಿಯ ಕೊಬ್ಬನ್ನು ಗಟ್ಟಿ ನಾರಿನ ಎಳೆಗಳು ಸಣ್ಣ ಸಣ್ಣ ಕೋಣೆಗಳಾಗಿ ಹಿಡಿದಿಟ್ಟಿರುತ್ತವೆ. ಕೀವು ನೇರ ಮೇಲೆ ಬರಲಾರದೆ ಅಡ್ಡಡ್ಡ ಹರಡುತ್ತದೆ, ದಾರಿ ಸಿಕ್ಕಲ್ಲೆಲ್ಲ ಒಂದೊಂದು ಬಾಯಿ ತೆರೆಯುತ್ತದೆ. ಹಾಗಾಗಿ ಮೇಲೆ ಜರಡಿಯಂತೆ ನಾಲ್ಕೈದು ತೂತು ಕಂಡರೆ ಒಳಗಿನ ಹರವು ಅದಕ್ಕಿಂತ ಬಹಳ ದೊಡ್ಡದು. ಸಕ್ಕರೆ ಹೆಚ್ಚಿರುವವರಲ್ಲಿ ರೋಗಾಣುವನ್ನು ನುಂಗಬೇಕಾದ ಬಿಳಿ ರಕ್ತಕಣಗಳು ಮಂದವಾಗಿರುತ್ತವೆ, ಸಣ್ಣ ರಕ್ತನಾಳಗಳು ಸರಿಯಾಗಿ ರಕ್ತ ಒದಗಿಸುವುದಿಲ್ಲ. ಸೋಂಕು ತಾನೂ ಸಕ್ಕರೆಯನ್ನು ಏರಿಸುತ್ತದೆ, ಏರಿದ ಸಕ್ಕರೆ ಸೋಂಕನ್ನು ಬೆಳೆಸುತ್ತದೆ. ಬೆನ್ನಿನ ಹುಣ್ಣು ತೋರಿಸಲು ಬಂದ ದಿನವೇ ಸಕ್ಕರೆ ಕಾಯಿಲೆ ಗೊತ್ತಾಗುವವರನ್ನು ನಾನು ಮತ್ತೆ ಮತ್ತೆ ನೋಡುತ್ತೇನೆ, ನಿಮ್ಮ ತಂದೆ ಒಬ್ಬರೇ ಅಲ್ಲ. ‘ಮೈಯಲ್ಲಿ ಉಷ್ಣ ಹೆಚ್ಚಾಯಿತು’, ‘ಮಾವಿನಹಣ್ಣು ತಿಂದದ್ದಕ್ಕೆ’ ಎಂಬ ಮಾತುಗಳಿಗೆ ಆಧಾರವಿಲ್ಲ. ಬೇಸಿಗೆಯ ಬೆವರು, ಉಜ್ಜುವಿಕೆಗಳಿಂದ ಕುರುಗಳು ಹೆಚ್ಚುವುದು ನಿಜ, ಮಾವು ಅದೇ ಕಾಲಕ್ಕೆ ಬರುವುದರಿಂದ ಅಪವಾದ ಹೊರುತ್ತದೆ.

ಚಿಕಿತ್ಸೆಗೆ ಇರುವ ದಾರಿಗಳನ್ನು ಬಿಚ್ಚಿ ಹೇಳುತ್ತೇನೆ. ಬಾವು ಎಳೆಯದಾಗಿ, ಇನ್ನೂ ಕೀವುಗಟ್ಟದೆ, ಮೈಯಲ್ಲಿ ಜ್ವರವಿಲ್ಲದಿದ್ದರೆ ಆಂಟಿಬಯೋಟಿಕ್ ಕೊಟ್ಟು, ಸಕ್ಕರೆ ಹತೋಟಿಗೆ ತಂದು, ಒಂದೆರಡು ದಿನ ಹತ್ತಿರದಿಂದ ಕಾಯುವುದುಂಟು. ನಿಮ್ಮ ತಂದೆಯವರ ವಿಷಯದಲ್ಲಿ ಆ ಹಂತ ದಾಟಿಹೋಗಿದೆ. ಕೀವು ಮತ್ತು ಸತ್ತ ಕೊಬ್ಬಿನೊಳಗೆ ರಕ್ತ ಓಡುವುದಿಲ್ಲ, ರಕ್ತ ಓಡದ ಜಾಗಕ್ಕೆ ಔಷಧಿಯೂ ಮುಟ್ಟುವುದಿಲ್ಲ. ಬರಿಯ ಮಾತ್ರೆಯನ್ನು ನಂಬಿದರೆ ಮೇಲಿನ ಕೆಂಪು ತುಸು ಇಳಿದು ಒಳಗಿನ ಕೊಳೆತ ಮುಂದುವರಿಯುತ್ತದೆ. ಔಷಧಿ ಅಂಗಡಿಯಲ್ಲಿ ಕೇಳಿ ತಂದ ಮಾತ್ರೆ ಇನ್ನೂ ಕೆಟ್ಟದ್ದು. ಸಾಮಾನ್ಯ ಔಷಧಿಗಳಿಗೆ ಜಗ್ಗದ ಸ್ಟ್ಯಾಫಿಲೋಕಾಕಸ್ ತಳಿಗಳು ಈಗ ನಮ್ಮ ಊರುಗಳಲ್ಲೂ ಇವೆ. ಆದ್ದರಿಂದ ಕೀವಿನ ಮಾದರಿಯನ್ನು ಕಲ್ಚರ್ ಪರೀಕ್ಷೆಗೆ ಕಳುಹಿಸಿ, ಯಾವ ಔಷಧಿ ಕೆಲಸ ಮಾಡುತ್ತದೆ ಎಂದು ನೋಡಬೇಕು. ವರದಿ ಬರಲು ಎರಡು ಮೂರು ದಿನ ಹಿಡಿಯುತ್ತದೆ. ಅಲ್ಲಿಯವರೆಗೆ ವೈದ್ಯರು ಅಂದಾಜಿನ ಮೇಲೆ ಒಂದನ್ನು ಶುರುಮಾಡುತ್ತಾರೆ, ಆಮೇಲೆ ಬದಲಿಸಬಹುದು. ಬದಲಿಸಿದರೆ ‘ಮೊದಲು ತಪ್ಪು ಔಷಧಿ ಕೊಟ್ಟರು’ ಎಂದು ಗಾಬರಿಯಾಗಬೇಡಿ.

ಮನೆಯ ಪಟ್ಟಿನ ಬಗ್ಗೆ ಒಂದು ಮಾತು. ಅರಿಶಿನ, ಅಕ್ಕಿಹಿಟ್ಟು ಬೇಯಿಸಿ ಕಟ್ಟುವ ಬಿಸಿ ಪಟ್ಟು ಒಂದೇ ಬಾಯಿಯ ಸಣ್ಣ ಕುರುವನ್ನು ಬೇಗ ಹಣ್ಣುಮಾಡುತ್ತದೆ, ಸುಳ್ಳಲ್ಲ. ಆದರೆ ಸಕ್ಕರೆ ಕಾಯಿಲೆ ಬಹುಕಾಲದಿಂದ ಗೊತ್ತಾಗದೆ ಇದ್ದವರಿಗೆ ಚರ್ಮದ ಸ್ಪರ್ಶ ಮಂದವಾಗಿರಬಹುದು. ಬಿಸಿ ಹೆಚ್ಚಾದದ್ದು ತಿಳಿಯದೆ ಹುಣ್ಣಿನ ಮೇಲೆ ಸುಟ್ಟಗಾಯವೂ ಸೇರಿಕೊಳ್ಳುತ್ತದೆ. ಇನ್ನೊಂದು ತೊಂದರೆಯನ್ನು ನಾನು ಡ್ರೆಸಿಂಗ್ ಕೋಣೆಯಲ್ಲಿ ಕಾಣುತ್ತೇನೆ: ಒಣಗಿ ಕಚ್ಚಿಕೊಂಡ ಹಳದಿ ಪಟ್ಟನ್ನು ಸಲೈನಿನಲ್ಲಿ ನೆನೆಸಿ, ಅಂಚಿನಿಂದ ಚೂರುಚೂರಾಗಿ ಎಬ್ಬಿಸಬೇಕಾಗುತ್ತದೆ. ಎಲ್ಲ ತೆಗೆದ ಮೇಲೂ ಚರ್ಮ ಹಳದಿಯಾಗಿಯೇ ಉಳಿದು ಕೆಂಪು ಎಲ್ಲಿಗೆ ನಿಲ್ಲುತ್ತದೆ, ಕಪ್ಪು ಎಲ್ಲಿ ಶುರುವಾಗುತ್ತದೆ ಎಂಬುದೇ ತಿಳಿಯುವುದಿಲ್ಲ. ಆದ್ದರಿಂದ ಅರಿಶಿನ, ಬೂದಿ, ಸೊಪ್ಪಿನ ರಸ ಏನನ್ನೂ ಹಚ್ಚದೆ, ಶುಭ್ರವಾದ ಒಣ ಗಾಜ್ ಬಟ್ಟೆ ಮುಚ್ಚಿ ಕರೆತನ್ನಿ. ಹಿಸುಕಲೇಬೇಡಿ. ಹಿಸುಕಿದರೆ ಹೊರಗೆ ಬರುವುದು ಸ್ವಲ್ಪ, ಒಳಗೆ ತಳ್ಳಿಹೋಗುವುದು ಹೆಚ್ಚು. ಮುಖದ ಮೇಲೆ, ಮೂಗು ಮತ್ತು ಮೇಲ್ದುಟಿಯ ಆಸುಪಾಸಿನ ಕುರುಗಳನ್ನಂತೂ ಯಾರೂ ಹಿಸುಕಬಾರದು. ಅಲ್ಲಿಂದ ಮೆದುಳಿನ ಬುಡದ ರಕ್ತನಾಳಗಳಿಗೆ ನೇರ ದಾರಿಯಿದೆ.

ಈಗ ನಿಮ್ಮ ತಂದೆಯವರು ಹೆದರಿರುವ ಶಸ್ತ್ರಚಿಕಿತ್ಸೆ. ಅರಿವಳಿಕೆ ಕೊಟ್ಟು, ಬಾವಿನ ಮೇಲೆ ಅಡ್ಡಲಾಗಿ ಮತ್ತು ಉದ್ದಕ್ಕೆ ಕೊಯ್ದು, ನಾಲ್ಕು ಮೂಲೆಗಳನ್ನು ಎತ್ತಿ, ಒಳಗಿನ ಕೋಣೆಗಳನ್ನೆಲ್ಲ ಒಡೆದು ಕೀವು ಬಿಡಿಸುತ್ತಾರೆ. ಸತ್ತ ಕೊಬ್ಬು, ಕಪ್ಪಾದ ಚರ್ಮವನ್ನು ಕತ್ತರಿಸಿ ತೆಗೆಯುತ್ತಾರೆ. ಗಾಯವನ್ನು ಹೊಲಿಯುವುದಿಲ್ಲ. ಇದನ್ನು ಕಂಡಾಗ ಮನೆಯವರು ‘ಹಾಗೇ ಬಿಟ್ಟಿದ್ದಾರಲ್ಲ’ ಎಂದು ಬೇಸರಪಡುತ್ತಾರೆ. ಹೊಲಿದರೆ ಕೀವು ಮತ್ತೆ ಒಳಗೇ ಕಟ್ಟುತ್ತದೆ. ಗಾಯ ತಳದಿಂದ ತುಂಬಿಕೊಂಡು ಬರಬೇಕು, ದಿನವೂ ಡ್ರೆಸಿಂಗ್ ಆಗಬೇಕು. ಹೀಗೆ ತುಂಬಲು ವಾರಗಳು ಹಿಡಿಯುತ್ತವೆ. ಗಾಯ ಬಹಳ ಅಗಲವಿದ್ದರೆ ಕೊನೆಯಲ್ಲಿ ತೊಡೆಯಿಂದ ತೆಳು ಚರ್ಮ ತೆಗೆದು ಕಸಿ ಮಾಡಬೇಕಾಗಬಹುದು. ತೊಂದರೆಗಳೂ ಇವೆ: ರಕ್ತಸ್ರಾವ, ಅರಿವಳಿಕೆಯ ಅಪಾಯ, ಉಳಿದ ಕೊಳೆತವನ್ನು ತೆಗೆಯಲು ಎರಡನೆಯ ಸಲ ಕೊಯ್ಯಬೇಕಾಗುವುದು, ದೊಡ್ಡ ಕಲೆ. ಇವನ್ನು ಮುಚ್ಚಿಟ್ಟು ಒಪ್ಪಿಸುವುದು ಸರಿಯಲ್ಲ, ಹಾಗಾಗಿ ಹೇಳುತ್ತಿದ್ದೇನೆ. ಕೊಯ್ಯದೆ ಬಿಟ್ಟರೆ ಆಗುವುದು ಇದಕ್ಕಿಂತ ಘೋರ: ಸೋಂಕು ರಕ್ತಕ್ಕೆ ಇಳಿದು ಮೂತ್ರಪಿಂಡ, ಶ್ವಾಸಕೋಶಗಳು ಸೋಲಬಹುದು, ಜೀವವೇ ಹೋಗಬಹುದು.

‘ಸಕ್ಕರೆ ಇದ್ದರೆ ಗಾಯ ಮಾಯುವುದಿಲ್ಲ’ ಎಂಬುದು ಅರ್ಧ ಸತ್ಯ. ಸಕ್ಕರೆ ಹತೋಟಿಯಲ್ಲಿಲ್ಲದಿದ್ದರೆ ಮಾಯುವುದು ನಿಧಾನ. ಹತೋಟಿಗೆ ತಂದರೆ ಮಾಯುತ್ತದೆ, ಅಂಥ ಬೆನ್ನುಗಳನ್ನು ಬೇಕಾದಷ್ಟು ನೋಡಿದ್ದೇನೆ. ಈ ದಿನಗಳಲ್ಲಿ ವೈದ್ಯರು ಇನ್ಸುಲಿನ್ ಚುಚ್ಚುಮದ್ದು ಶುರುಮಾಡಬಹುದು. ‘ಒಮ್ಮೆ ಇನ್ಸುಲಿನ್ ಹಿಡಿದರೆ ಜೀವನಪೂರ್ತಿ ಬಿಡುವಂತಿಲ್ಲ’ ಎಂದು ಅದನ್ನು ಬೇಡವೆನ್ನಬೇಡಿ; ಸೋಂಕು ಇಳಿದ ಮೇಲೆ ಅನೇಕರಿಗೆ ಮಾತ್ರೆಯೇ ಸಾಕಾಗುತ್ತದೆ. ತಂದೆಯವರಿಗೆ ನೀವು ಹೀಗೆ ಹೇಳಿ ನೋಡಿ: ಗಾಯ ಈಗಾಗಲೇ ಇದೆ, ಕೊಯ್ಯುವುದರಿಂದ ಹೊಸದಾಗಿ ಆಗುವುದಲ್ಲ, ಒಳಗೆ ಮುಚ್ಚಿಕೊಂಡಿರುವುದನ್ನು ತೆರೆಯುತ್ತಾರೆ, ಅಷ್ಟೇ. ನೋವಿಗೆ ನಿದ್ದೆಗೆಟ್ಟವರು ಕೀವು ಬಿಡಿಸಿದ ರಾತ್ರಿಯೇ ಕಣ್ಣು ಮುಚ್ಚುವುದು ನನಗೆ ಪರಿಚಿತ.

ಉಂಗುರದ ವಿಷಯ. ಹಿರಿಯರ ಮನಸ್ಸಿಗೆ ನೋವಾಗುತ್ತದೆ ಎಂದಾದರೆ ಮಾಡಿಸಿ ಹಾಕಿಕೊಳ್ಳಲಿ, ಬೆರಳಿನ ಕಲ್ಲು ಹುಣ್ಣಿಗೆ ಒಳ್ಳೆಯದನ್ನೂ ಮಾಡುವುದಿಲ್ಲ, ಕೆಟ್ಟದ್ದನ್ನೂ ಮಾಡುವುದಿಲ್ಲ. ಉಂಗುರ ಬರುವ ತನಕ, ಒಳ್ಳೆಯ ದಿನ ನೋಡುವ ತನಕ ಎಂದು ಆಸ್ಪತ್ರೆಯನ್ನು ಮುಂದೂಡುವುದು ಮಾತ್ರ ಕೂಡದು. ಆ ಹಣವನ್ನು ಗ್ಲುಕೋಮೀಟರ್ ಮತ್ತು ಡ್ರೆಸಿಂಗ್ ಖರ್ಚಿಗೆ ಇಟ್ಟುಕೊಳ್ಳಿ ಎಂದು ನಾನು ಹೇಳುತ್ತೇನೆ. ಶಸ್ತ್ರಚಿಕಿತ್ಸೆಯ ದಿನ ಉಂಗುರ ತೆಗೆದಿಡಬೇಕು, ಬೆರಳು ಊದಿದರೆ ತೆಗೆಯುವುದು ಕಷ್ಟ. ರತ್ನಗಳ ಭಸ್ಮವೆಂದು ಯಾರಾದರೂ ಹೊಟ್ಟೆಗೆ ಕೊಡಲು ಬಂದರೆ, ಒಳಗೇನಿದೆ ಎಂದು ನಮೂದಿಸದ ಪುಡಿಯನ್ನು ಖಂಡಿತ ಬೇಡವೆನ್ನಿ. ಅಂಥವುಗಳಲ್ಲಿ ಸೀಸ, ಪಾದರಸ ಸಿಕ್ಕ ಉದಾಹರಣೆಗಳಿವೆ, ಮಧುಮೇಹಿಗಳ ಮೂತ್ರಪಿಂಡಕ್ಕೆ ಅದು ವಿಷ.

ಆಸ್ಪತ್ರೆಯಲ್ಲಿ ಮೂರು ತಿಂಗಳ ಸಕ್ಕರೆಯ ಸರಾಸರಿ ತೋರುವ ಎಚ್‌ಬಿಎ1ಸಿ ಪ್ರಮಾಣ ಎಷ್ಟಿದೆ ಎಂದು ಕೇಳಿ; ಅದು ಶೇಕಡಾ 6.5 ಅಥವಾ ಹೆಚ್ಚಿದ್ದರೆ ಕಾಯಿಲೆ ಮೊದಲೇ ಇತ್ತು ಎಂದು ತಿಳಿಯುತ್ತದೆ. ಮೂತ್ರಪಿಂಡದ ಪರೀಕ್ಷೆ ಆಗಿದೆಯೇ, ಕಲ್ಚರ್ ಕಳುಹಿಸಿದ್ದಾರೆಯೇ ಎಂದೂ ಕೇಳಿ, ಕೇಳುವುದು ನಿಮ್ಮ ಹಕ್ಕು. ಮನೆಗೆ ಬಂದ ಮೇಲೆ ತಂದೆಯವರ ಟವೆಲ್, ಹಾಸಿಗೆ ಬಟ್ಟೆ, ಕ್ಷೌರದ ಬ್ಲೇಡು ಪ್ರತ್ಯೇಕವಿರಲಿ, ಬಟ್ಟೆಗಳನ್ನು ಬಿಸಿನೀರಿನಲ್ಲಿ ಒಗೆದು ಬಿಸಿಲಿಗೆ ಹಾಕಿ, ಡ್ರೆಸಿಂಗ್ ಮುಟ್ಟಿದವರು ಸೋಪಿನಿಂದ ಕೈ ತೊಳೆಯಲಿ. ಮನೆಯಲ್ಲಿ ಬೇರೆಯವರಿಗೂ ಕುರುಗಳು ಏಳುತ್ತಿದ್ದರೆ ಮೂಗಿನೊಳಗಿನ ರೋಗಾಣುವಿಗೆ ಹಚ್ಚುವ ಮುಲಾಮು ಇದೆ, ವೈದ್ಯರನ್ನು ಕೇಳಿ ಪಡೆಯಿರಿ. ಮಧುಮೇಹ ವಂಶದಲ್ಲಿ ಹರಿದು ಬರುವ ಕಾಯಿಲೆಯಾದ್ದರಿಂದ ನೀವೂ ನಿಮ್ಮ ಒಡಹುಟ್ಟಿದವರೂ ಬರಿ ಹೊಟ್ಟೆಯಲ್ಲಿ ಒಮ್ಮೆ ರಕ್ತ ಪರೀಕ್ಷೆ ಮಾಡಿಸಿಕೊಳ್ಳಿ. ತಂದೆಯವರ ಜೊತೆ ಆಸ್ಪತ್ರೆಯಲ್ಲಿ ಇರುವಾಗಲೇ ಅದನ್ನೂ ಮುಗಿಸಬಹುದು.